‘ಬಂದೆ’ ಅಂದ್ರೆ ‘ಐ ಕೇಮ್’ ಅಲ್ಲ!

ಸಿಯಾಟಲ್ ಸುತ್ತಮುತ್ತ, ಅದರಲ್ಲೂ ಸರೋವರದ ಆಚೆ ದಡದ ಬೆಲ್ವ್ಯೂ, ರೆಡ್ಮಂಡ್, ಸಮಾಮಿಶ್, ಬಾತೆಲ್ ಕಡೆ, ಲೇಬರ್ ಡೇ ಹಿಂದುಮುಂದಿನ ದಿನಗಳಲ್ಲಿ ನಾಲ್ಕು ಜನ ಕನ್ನಡದ ಅಪ್ಪ-ಅಮ್ಮಂದಿರು ಎಲ್ಲೇ ಸೇರಲಿ, ಗಣೇಶನ ಹಬ್ಬದ ಊಟಕ್ಕಾಗಲಿ, ಯಾರದೋ ಮನೆಯ ಪಾಟ್‌ಲಕ್‌ಗಾಗಲಿ, ಒಂದು ಮಾತು ಬಂದೇ ಬರುತ್ತೆ. “ಅಲ್ಲಾ ರೀ, ನಮ್ಮ ಮಗು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮು. ಬೆಂಗಳೂರಲ್ಲಿ ಅಷ್ಟು ಫೀಸು ಕಟ್ಟಿ ಓದಿಸಿದ್ವಿ. ಇಲ್ಲಿ ಬಂದ್ರೆ ಇಂಗ್ಲಿಷ್ ಕಲೀಬೇಕಾದ ಮಕ್ಕಳ ಲಿಸ್ಟಿಗೆ ಹಾಕಿಬಿಟ್ಟಿದಾರೆ!”

ಹೇಳುವವರ ಮುಖದಲ್ಲಿ ಅರ್ಧ ಸಿಟ್ಟು, ಅರ್ಧ ಅವಮಾನ. ಅಷ್ಟರಲ್ಲಿ ಸಾಂಬಾರಿನ ಸೌಟು ಹಿಡಿದವರೊಬ್ಬರು ಅನುಭವಸ್ಥರ ಧಾಟಿಯಲ್ಲಿ ಎರಡು ಸಲಹೆ ಕೊಡ್ತಾರೆ. ಒಂದು, ಸ್ಕೂಲಿನ ಫಾರ್ಮಿನಲ್ಲಿ ಮನೆಮಾತು ಇಂಗ್ಲಿಷ್ ಅಂತ ಬರೆದುಬಿಡಿ, ತಂಟೆ ತಪ್ಪುತ್ತೆ. ಎರಡು, ಇವತ್ತಿನಿಂದ ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಕನ್ನಡ ಆಮೇಲೆ ನೋಡಿಕೊಂಡರಾಯ್ತು. ಎರಡೂ ಒಳ್ಳೆ ಮನಸ್ಸಿನಿಂದ ಕೊಟ್ಟ ಸಲಹೆಗಳೇ. ಆದರೆ ಎರಡೂ ಮಗುವಿನ ಇಂಗ್ಲಿಷಿಗೇ ಒಳ್ಳೇದಲ್ಲ ಅಂತ ನನ್ನ ಅನಿಸಿಕೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳ್ತೀನಿ, ಕಾಫಿ ತಗೊಂಡು ಕೂತ್ಕೊಳ್ಳಿ.

ಮೊದಲು ಈ ಲಿಸ್ಟಿನ ಕಥೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳನ್ನು ಯಾವ ವಿಶೇಷ ಸಹಾಯವನ್ನೂ ಕೊಡದೆ ಇಂಗ್ಲಿಷ್ ಕ್ಲಾಸಿನಲ್ಲಿ ಸುಮ್ಮನೆ ಕೂರಿಸಿದ್ದರು. ಅವರ ಮನೆಯವರು ಕೋರ್ಟಿಗೆ ಹೋದರು. 1974ರಲ್ಲಿ ಲಾವ್ ವರ್ಸಸ್ ನಿಕಲ್ಸ್ ಅನ್ನೋ ಆ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಅಂದಮಾತ್ರಕ್ಕೆ ಸಮಾನತೆ ಆಗೋದಿಲ್ಲ, ಮಗುವಿಗೆ ಪಾಠ ಅರ್ಥವಾಗಬೇಕು ಅನ್ನೋದು ಅದರ ಸಾರ. ನಮ್ಮ ವಾಷಿಂಗ್ಟನ್ ರಾಜ್ಯವೂ ಇಂಥ ಮಕ್ಕಳಿಗಾಗಿ 1979ರಲ್ಲಿ ತನ್ನದೇ ಒಂದು ಕಾನೂನು ಮಾಡಿತು. ಅಂದ್ರೆ ಈ ಲಿಸ್ಟು ದಂಡನೆಯ ಲಿಸ್ಟಲ್ಲ ಸ್ವಾಮಿ, ಯಾರೋ ಹೋರಾಡಿ ಗಳಿಸಿಕೊಟ್ಟ ಹಕ್ಕಿನ ಲಿಸ್ಟು.

ಕ್ರಮ ಹೀಗೆ. ಸ್ಕೂಲಿಗೆ ಸೇರಿಸುವಾಗ ಒಂದು ಫಾರ್ಮ್ ತುಂಬಬೇಕು. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವ ಭಾಷೆ ಯಾವುದು ಅಂತ ಕೇಳಿರ್ತಾರೆ. ಇಂಗ್ಲಿಷ್ ಅಲ್ಲದೆ ಬೇರೆ ಬರೆದರೆ ಮಗುವಿಗೊಂದು ಚಿಕ್ಕ ಪರೀಕ್ಷೆ. ಕೇಳೋದು, ಮಾತಾಡೋದು, ಓದೋದು, ಬರೆಯೋದು, ಈ ನಾಲ್ಕರಲ್ಲಿ ಎಷ್ಟು ಬರುತ್ತೆ ಅಂತ ನೋಡ್ತಾರೆ. ಸಾಲದು ಅನಿಸಿದರೆ ಆ ಮಗುವಿಗೆ ಹೆಚ್ಚಿನ ಸಹಾಯ, ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. 2021-22ರ ಶಾಲಾವರ್ಷದಿಂದ ಇಲ್ಲಿ ನಡೀತಿರೋದು ‘ವೀಡಾ’ ಅನ್ನೋ ಪರೀಕ್ಷೆ. ಸಾಕಷ್ಟು ಅಂಕ ಬಂದ ದಿನ ಮಗು ಲಿಸ್ಟಿನಿಂದ ಹೊರಗೆ. ಸಹಾಯ ಬೇಡ ಅನ್ನೋ ಹಕ್ಕೂ ಅಪ್ಪ-ಅಮ್ಮಂದಿರಿಗೆ ಇದೆ. ಆದರೆ ಬೇಡ ಅಂದರೂ ವಾರ್ಷಿಕ ಪರೀಕ್ಷೆ ತಪ್ಪೋದಿಲ್ಲ!

ನಾನು ಮೇಷ್ಟ್ರಲ್ಲ, ಸಾಫ್ಟ್‌ವೇರಿನವನು. ಆದರೂ ಸ್ನೇಹಿತರ ಮಕ್ಕಳು ಮೂರ್ನಾಲ್ಕು ಜನ ಶನಿವಾರ ಬೆಳಿಗ್ಗೆ ವರ್ಕ್‌ಶೀಟ್ ಹಿಡಿದು ನಮ್ಮ ಊಟದ ಮೇಜಿನ ಸುತ್ತ ಕೂರ್ತಾರೆ. ಎರಡು, ಮೂರು, ನಾಲ್ಕನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು. ಆ ಮೇಜಿನ ಮೇಲೆ ನಾನು ಕಂಡಿದ್ದೇನು ಅಂದ್ರೆ, ಈ ಮಕ್ಕಳ ಎಷ್ಟೋ ‘ತಪ್ಪು’ಗಳು ತಪ್ಪೇ ಅಲ್ಲ, ಅಪ್ಪಟ ಕನ್ನಡ!

ಒಬ್ಬ ಹುಡುಗನ ಕಥೆ ಕೇಳಿ. ಟೀಚರ್ ಹೆಸರು ಹಿಡಿದು ಕರೆದರೆ ಕೂತಲ್ಲಿಂದಲೇ “ಐ ಕೇಮ್, ಐ ಕೇಮ್” ಅಂತಿದ್ದನಂತೆ. ಟೀಚರಿಗೆ ಆಶ್ಚರ್ಯ, ಈ ಹುಡುಗ ಇನ್ನೂ ಎದ್ದೇ ಇಲ್ಲ, ಬಂದದ್ದೆಲ್ಲಿಂದ? ನಮಗೆ ಗೊತ್ತಲ್ವಾ! ಅಮ್ಮ ಅಡುಗೆಮನೆಯಿಂದ “ಊಟಕ್ಕೆ ಬಾರೋ” ಅಂತ ಕೂಗಿದರೆ ಸೋಫಾದಿಂದ ಒಂದಿಂಚೂ ಅಲ್ಲಾಡದೆ “ಬಂದೆ, ಬಂದೆ” ಅನ್ನೋರು ನಾವೇ ತಾನೆ? ಕನ್ನಡದಲ್ಲಿ ಖಂಡಿತ ಆಗಲಿರೋದನ್ನ, ಈಗಲೇ ಆಗಲಿರೋದನ್ನ ಭೂತಕಾಲದಲ್ಲಿ ಹೇಳಿಬಿಡ್ತೀವಿ. “ಬಿದ್ದೆ ಬಿದ್ದೆ, ಹಿಡ್ಕೋ!” ಅನ್ನುವವನು ಇನ್ನೂ ಬಿದ್ದಿರೋದಿಲ್ಲ. ಹುಡುಗನ ವ್ಯಾಕರಣ ಸರಿಯಾಗೇ ಇತ್ತು, ಭಾಷೆ ಮಾತ್ರ ಬೇರೆ.

ಇನ್ನೊಂದು, “ಐ ಕಮ್ ಟುಮಾರೋ”. ಇದೂ ನಮ್ಮನೆಯದೇ. ದಿನಾ ಬರ್ತೀನಿ, ನಾಳೆ ಬರ್ತೀನಿ. ಆಡುಮಾತಿನಲ್ಲಿ ಎರಡಕ್ಕೂ ಒಂದೇ ‘ಬರ್ತೀನಿ’. ಕಾಲ ಇರೋದು ‘ದಿನಾ’, ‘ನಾಳೆ’ ಅನ್ನೋ ಪದಗಳಲ್ಲಿ. ಸ್ಕೂಲಿನಲ್ಲಿ ನಾವು ಭೂತ, ವರ್ತಮಾನ, ಭವಿಷ್ಯತ್ ಅಂತ ಮೂರು ಕಾಲ ಬಾಯಿಪಾಠ ಮಾಡಿದ್ದೇನೋ ನಿಜ. ಆದರೆ ‘ಬರುವೆನು’ ಅಂತ ಮನೆಯಲ್ಲಿ ಯಾರು ಮಾತಾಡ್ತಾರೆ ಹೇಳಿ? ಆಡುಮಾತಿನ ಮಟ್ಟಿಗೆ ನಮ್ಮ ಕ್ರಿಯಾಪದಕ್ಕೆ ಆಗಿಹೋದದ್ದು ಒಂದು, ಇನ್ನೂ ಆಗದ್ದು ಇನ್ನೊಂದು, ಅಷ್ಟೇ ಅಂದರೂ ನಡೆಯುತ್ತೆ. ಕನ್ನಡವನ್ನು ಕನ್ನಡದ ಕಣ್ಣಿನಿಂದಲೇ ನೋಡಬೇಕು ಅಂತ ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕವನ್ನೇ ಬರೆದರು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋರಿಗೂ ಆ ಕಣ್ಣು ಬೇಕಾಗುತ್ತೆ ಅನ್ನೋದು ತಮಾಷೆಯಾದರೂ ನಿಜ.

ಯಾಕಂದ್ರೆ ಕನ್ನಡ ಅಡ್ಡ ಬರೋದಷ್ಟೇ ಅಲ್ಲ, ಕೈ ಹಿಡಿದು ದಾಟಿಸೋದೂ ಉಂಟು. “ಐ ಡಿಡಂಟ್ ವೆಂಟ್” ಅನ್ನೋದು ಮಕ್ಕಳ ಬಾಯಲ್ಲಿ ಸರ್ವೇಸಾಮಾನ್ಯ. ನೂರು ಸಲ ತಿದ್ದಿದರೂ ಮತ್ತೆ ಅದೇ. ನಾನೊಮ್ಮೆ ಒಬ್ಬ ಹುಡುಗಿಗೆ ಕೇಳಿದೆ, “ಕನ್ನಡದಲ್ಲಿ ‘ನಾನು ಹೋದಲಿಲ್ಲ’ ಅಂತೀಯೇನೇ?” ಬಿದ್ದುಬಿದ್ದು ನಕ್ಕಳು. “ಹೋದಲಿಲ್ಲ ಅಲ್ಲ ಅಂಕಲ್, ಹೋಗಲಿಲ್ಲ!” ನೋಡಿ, ಎಷ್ಟು ಚೆನ್ನಾಗಿದೆ. ‘ಹೋದ’ ಅನ್ನೋದು ‘ಇಲ್ಲ’ ಬಂದ ಕೂಡಲೇ ತನ್ನ ಕಾಲವನ್ನ ಬಿಟ್ಟುಕೊಟ್ಟು ‘ಹೋಗಲ್’ ಆಗಿ ಕೂತುಬಿಡುತ್ತೆ. ಇಂಗ್ಲಿಷಿನಲ್ಲೂ ಅಷ್ಟೇ ಪುಟ್ಟಿ, ‘ಡಿಡಂಟ್’ ಬಂದಮೇಲೆ ‘ವೆಂಟ್’ ತನ್ನ ಹಳೇ ‘ಗೋ’ ವೇಷಕ್ಕೆ ವಾಪಸ್ಸು ಅಂದೆ. ಮುಂದಿನ ಶನಿವಾರ ಅವಳೇ ತನ್ನ ತಮ್ಮನನ್ನ ತಿದ್ದುತ್ತಿದ್ದಳು.

ಹಾಗೇ ಓದಿನಲ್ಲಿ ಮಕ್ಕಳು ಮುಗ್ಗರಿಸುವ ‘ಹ್ಯಾಡ್’. ವರ್ಕ್‌ಶೀಟಿನಲ್ಲಿ ಒಂದು ಪುಟ್ಟ ಕಥೆ ಕೊಟ್ಟು, ಯಾವುದು ಮೊದಲು ಆಯ್ತು, ಯಾವುದು ಆಮೇಲೆ ಅಂತ ಕೇಳಿರ್ತಾರೆ. ‘ಅಮ್ಮ ಬಂದಾಗ ಬೆಕ್ಕು ಹಾಲು ಕುಡಿದಿತ್ತು.’ ಇದಕ್ಕೂ ‘ಅಮ್ಮ ಬಂದಾಗ ಬೆಕ್ಕು ಹಾಲು ಕುಡೀತು’ ಅನ್ನೋದಕ್ಕೂ ಇರೋ ವ್ಯತ್ಯಾಸ ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಕುಡಿದಿತ್ತು’ ಅಂದರೆ ಅಮ್ಮ ಬರೋ ಹೊತ್ತಿಗೆ ಪಾತ್ರೆ ಖಾಲಿ! ‘ಹ್ಯಾಡ್ ಡ್ರಂಕ್’ ಅಂದ್ರೆ ಈ ‘ಕುಡಿದಿತ್ತು’ ಕಣೋ ಅಂದರೆ ಆಯ್ತು, ಅರ್ಧ ಗಂಟೆಯ ಪಾಠ ಒಂದು ನಿಮಿಷಕ್ಕೆ ಇಳಿಯುತ್ತೆ. ಆದರೆ ಒಂದು ಷರತ್ತು. ಮಗುವಿನ ಕಿವಿಯಲ್ಲಿ ‘ಕುಡಿದಿತ್ತು’ ಇನ್ನೂ ಇರಬೇಕು.

‘ಗೋಡ್’, ‘ಈಟೆಡ್’ ಅನ್ನೋ ಮಕ್ಕಳ ಬಗ್ಗೆಯಂತೂ ಚಿಂತೆಯೇ ಬೇಡ. ಇಂಗ್ಲಿಷೇ ಮನೆಮಾತಾದ ಮಕ್ಕಳೂ ಹಾಗೇ ಅಂತಾರೆ. 1958ರಲ್ಲಿ ಜೀನ್ ಬರ್ಕೋ ಅನ್ನುವ ಸಂಶೋಧಕಿ ಅಮೆರಿಕದ ಪುಟ್ಟ ಮಕ್ಕಳಿಗೆ ‘ವಗ್’ ಅನ್ನೋ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಎರಡಿದ್ದರೆ ಏನಂತೀರಿ ಅಂತ ಕೇಳಿದರು. ಮಕ್ಕಳು ಹೆಚ್ಚಾಗಿ ‘ವಗ್ಸ್’ ಅಂದರು. ಕೇಳಿಯೇ ಇಲ್ಲದ ಪದಕ್ಕೆ ನಿಯಮ ಹಚ್ಚಿದರು ಅಂದ್ರೆ ನಿಯಮ ತಲೆಯೊಳಗೆ ಕೂತಿದೆ ಅಂತ ಅರ್ಥ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ‘ಅಜ್ಜಿ, ನಾನು ಬುಕ್ ತರಿದೆ’ ಅಂತಾರಲ್ಲ, ಅದೂ ಇದೇ. ‘ನೋಡು’ಗೆ ‘ನೋಡಿದೆ’ ಆದರೆ ‘ತರು’ಗೆ ‘ತರಿದೆ’ ಯಾಕಾಗಬಾರದು? ಬಾ, ತಾ, ಹೋಗು, ಕೊಡು, ತಿನ್ನು.. ದಿನಬಳಕೆಯ ಪದಗಳೇ ನಿಯಮಕ್ಕೆ ಸಿಗದೆ ಜಾರಿಕೊಳ್ತವೆ. ಇಂಗ್ಲಿಷಿನಲ್ಲೂ ಗೋ, ಕಮ್, ಸೀ, ಟೇಕ್ ಎಲ್ಲಾ ಹಾಗೇ. ದಿನವೂ ನಾಲಿಗೆ ಮೇಲೆ ಓಡಾಡೋದರಿಂದ ಅವಕ್ಕೆ ನಿಯಮದ ಹಂಗೇ ಇಲ್ಲ. ಬೈದು ತಿದ್ದೋದರ ಬದಲು ಸರಿಯಾದ ರೂಪವನ್ನ ನಾವು ಹತ್ತು ಸಲ ಅವರ ಕಿವಿಗೆ ಬೀಳೋ ಹಾಗೆ ಆಡಿದರೆ ಸಾಕು.

ಕಾಲದ ಕಥೆ ಇಷ್ಟಾಯ್ತು. ಈಗ ಓದಿನ ಕಥೆ. ಬೆಂಗಳೂರಿನಿಂದ ಬಂದ ಮಕ್ಕಳಲ್ಲಿ ನಾನು ಪದೇಪದೇ ನೋಡಿದ್ದು ಇದು. ಪುಟವನ್ನ ಪಟಪಟ ಅಂತ ಓದ್ತಾರೆ, ಒಂದಕ್ಷರ ತಪ್ಪೋದಿಲ್ಲ. ಅಪ್ಪ ಹೆಮ್ಮೆಯಿಂದ ಮೀಸೆ ತಿರುವೋ ಅಷ್ಟರಲ್ಲಿ “ಆ ಹುಡುಗ ಯಾಕೆ ಅತ್ತ?” ಅಂತ ಕೇಳಿದರೆ ಮಗು ಮುಖ ಮುಖ ನೋಡುತ್ತೆ. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋ ಇಬ್ಬರು ಓದನ್ನ ಒಂದು ಗುಣಾಕಾರ ಅಂದರು. ಅಕ್ಷರ ಬಿಡಿಸೋ ಶಕ್ತಿ ಗುಣಿಸು ಭಾಷೆ ಅರ್ಥವಾಗೋ ಶಕ್ತಿ. ಗುಣಾಕಾರ ಅಂದಮೇಲೆ ಗೊತ್ತಲ್ಲ, ಎರಡರಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ನೂರಿದ್ದರೂ ಉತ್ತರ ಸೊನ್ನೆಯೇ.

ಮತ್ತೆ ಅರ್ಥ ಬರೀ ಪದದಲ್ಲಿ ಇರೋದಿಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನೋರು ಏಳು, ಎಂಟನೇ ಕ್ಲಾಸಿನ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವರ್ಣನೆ ಓದಿಸಿದರು. ಆಮೇಲೆ ಪುಟ್ಟ ಮೈದಾನದ ಮಾದರಿ, ಮರದ ಗೊಂಬೆಗಳನ್ನ ಕೊಟ್ಟು, ಓದಿದ್ದನ್ನ ಆಡಿ ತೋರಿಸಿ ಅಂದರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಜಾಣರಾಗಿದ್ದೂ ಆಟ ಗೊತ್ತಿಲ್ಲದವರನ್ನ ಮೀರಿಸಿಬಿಟ್ಟರು! ಈಗ ನಮ್ಮ ಮಗುವನ್ನ ನೆನೆಸಿಕೊಳ್ಳಿ. ‘ಪಿಚ್’ ಅಂದರೆ ಅವನಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ನಡುವಿನ ಇಪ್ಪತ್ತೆರಡು ಗಜ. ಇಲ್ಲಿ ‘ಪಿಚ್’ ಅಂದರೆ ಚೆಂಡೆಸೆಯೋದು. ‘ಪ್ಲೇಟ್’ ಅಂದರೆ ತಟ್ಟೆ, ‘ಡೈಮಂಡ್’ ಅಂದರೆ ಅಮ್ಮನ ಓಲೆ, ‘ಸ್ಟ್ರೈಕ್’ ಅಂದರೆ ಬಿಎಂಟಿಸಿ ಬಸ್ಸು ಬರದ ದಿನ. ಇಷ್ಟಿಟ್ಟುಕೊಂಡು ಮ್ಯಾರಿನರ್ಸ್ ಆಟದ ಒಂದು ಪ್ಯಾರಾ ಓದಿದರೆ ಕಥೆ ಏನಾಗಬೇಕು! ಅವನಿಗೆ ಓದೋಕೆ ಬರೋದಿಲ್ಲ ಅಂತಲ್ಲ, ಆಟ ಗೊತ್ತಿಲ್ಲ ಅಷ್ಟೇ. ಒಂದು ಸಂಜೆ ಟಿವಿ ಮುಂದೆ ಕೂರಿಸಿ, ಕನ್ನಡದಲ್ಲೇ ಆಟ ವಿವರಿಸಿ. ಆಮೇಲೆ ಅದೇ ಪ್ಯಾರಾ ಕೊಟ್ಟು ನೋಡಿ.

‘ಕನ್ನಡದಲ್ಲೇ’ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಪದಸಂಪತ್ತಿನ ವಿಷಯಕ್ಕೆ ಬನ್ನಿ. ಒಂದು ಕಥೆಯನ್ನ ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಿ ಅರ್ಥ ಮಾಡಿಕೊಳ್ಳೋಕೆ ಅದರ ಪದಗಳಲ್ಲಿ ಸುಮಾರು ಶೇಕಡಾ 98 ಗೊತ್ತಿರಬೇಕು ಅಂತ ಹು ಮತ್ತು ಪಾಲ್ ನೇಶನ್ 2000ದಲ್ಲಿ ತೋರಿಸಿದರು. ಅಂದ್ರೆ ಐವತ್ತು ಪದಕ್ಕೆ ಒಂದು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಐದು ಗೊತ್ತಿಲ್ಲದಿದ್ದರೆ ಅಕ್ಕಿಗಿಂತ ಕಲ್ಲೇ ಜಾಸ್ತಿ ಸಿಕ್ಕಿದ ಹಾಗೆ, ಅನ್ನ ಗಂಟಲಿಗಿಳಿಯೋದಿಲ್ಲ.

ಹಾಗಾದರೆ ಇಷ್ಟೊಂದು ಪದ ತುಂಬೋದು ಹೇಗೆ? ಸಿಯಾಟಲಿನಲ್ಲಿದ್ದುಕೊಂಡು ಮಳೆಯ ಉದಾಹರಣೆ ಬಿಟ್ಟು ಬೇರೆ ಕೊಡೋದು ಅನ್ಯಾಯವಾದೀತು. ಅಜ್ಜಿಯ ಬಾಯಲ್ಲಿ ಸೋನೆಮಳೆ, ಜಿಟಿಜಿಟಿ, ತುಂತುರು, ಜಡಿಮಳೆ ಅಂತೆಲ್ಲಾ ಕೇಳಿ ಬೆಳೆದ ಮಗುವಿಗೆ ಮಳೆಗಳಲ್ಲಿ ಹಲವು ಜಾತಿ ಇದೆ ಅನ್ನೋದು ಮೊದಲೇ ಗೊತ್ತು. ‘ಡ್ರಿಜಲ್’ ಅನ್ನೋದು ಅದಕ್ಕೆ ಹೊಸ ಚೀಟಿ ಮಾತ್ರ, ಡಬ್ಬ ಮನೆಯಲ್ಲೇ ಇದೆ. ‘ರೈನ್’ ಒಂದೇ ಪದ ಕೇಳಿ ಬೆಳೆದ ಮಗುವಿಗೆ ಡಬ್ಬವೂ ಹೊಸದು, ಚೀಟಿಯೂ ಹೊಸದು. ‘ಹಿಂಜರಿದ’ ಅನ್ನೋದರ ಅರ್ಥ ಗೊತ್ತಿದ್ದರೆ ‘ಹೆಸಿಟೇಟ್’ ಕಲಿಯೋಕೆ ಎಷ್ಟು ಹೊತ್ತು? ಟೊರಾಂಟೊದ ಜಿಮ್ ಕಮಿನ್ಸ್ ಜೀವನವಿಡೀ ಹೇಳಿದ್ದು ಇದನ್ನೇ. ಎರಡು ಭಾಷೆಗಳು ಮೇಲ್ನೋಟಕ್ಕೆ ಬೇರೆಬೇರೆ ಗಿಡಗಳ ಹಾಗೆ ಕಂಡರೂ ಕೆಳಗೆ ಬೇರು ಒಂದೇ.

ಕಮಿನ್ಸ್ ಹೇಳಿದ ಇನ್ನೊಂದು ವಿಷಯವೂ ನಮ್ಮ ಅಪ್ಪ-ಅಮ್ಮಂದಿರಿಗೆ ಗೊತ್ತಿರಬೇಕು. ಮೈದಾನದಲ್ಲಿ ಆಡೋ ಇಂಗ್ಲಿಷು, ಪುಸ್ತಕದ ಇಂಗ್ಲಿಷು ಎರಡೂ ಬೇರೆ ಅಂತ ಅವರು 1979ರಲ್ಲೇ ಗುರುತಿಸಿದರು. ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಬರುತ್ತೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯಬಹುದು. ನಮ್ಮ ಹುಡುಗ ಬಂದ ಆರೇ ತಿಂಗಳಿಗೆ ಥೇಟ್ ಅಮೆರಿಕನ್ನರ ಥರ ‘ವಾಟರ್’ನ ‘ವಾಡರ್’ ಅಂತಿದ್ದಾನೆ, ಅವನಿಗಿನ್ಯಾಕೆ ಸಹಾಯ ಅಂತ ಕೇಳೋರಿಗೆ ಉತ್ತರ ಇಲ್ಲಿದೆ. ನಾಲಿಗೆ ತಿರುಗೋದು ಬೇಗ. ‘ಕಂಪೇರ್’, ‘ಪ್ರೆಡಿಕ್ಟ್’, ‘ಕನ್ಕ್ಲೂಡ್’ ಅಂತ ಯೋಚಿಸೋದು ನಿಧಾನ.

ಈಗ ಆ ಎರಡನೇ ಸಲಹೆ, ಮನೆಯಲ್ಲಿ ಇಂಗ್ಲಿಷೇ ಆಡೋದು. ನನಗೆ ಗೊತ್ತಿರೋ ಒಂದು ಮನೆಯಲ್ಲಿ ಈ ನಿಯಮ ಒಂದು ವರ್ಷ ಪೂರ್ತಿ ನಡೀತು. ಅಪ್ಪ-ಅಮ್ಮ ಇಬ್ಬರೂ ಆಫೀಸಿನ ಇಂಗ್ಲಿಷಿನಲ್ಲಿ ಪಂಟರು. ಆದರೆ ಆಫೀಸಿನ ಇಂಗ್ಲಿಷಿನಲ್ಲಿ ಮಗುವಿನ ಜೊತೆ ಆಡೋ ಮಾತೆಷ್ಟು? ‘ಈಟ್ ಫಾಸ್ಟ್’, ‘ಫಿನಿಶ್ ಹೋಮ್‌ವರ್ಕ್’, ‘ಬ್ರಷ್ ಯುವರ್ ಟೀತ್’, ‘ಗೋ ಟು ಬೆಡ್’. ಎಲ್ಲಾ ಆಜ್ಞೆಗಳೇ! ಭೂತಕಾಲವೂ ಇಲ್ಲ, ಭವಿಷ್ಯವೂ ಇಲ್ಲ. ತಾತ ಬಾವಿಗೆ ಬಿದ್ದ ಕರುವನ್ನ ಎತ್ತಿದ ಕಥೆ, ಅಮ್ಮ ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಕಳೆದುಹೋದ ಕಥೆ, ಇವೆಲ್ಲಾ ಕನ್ನಡದಲ್ಲೇ ಇದ್ದವು, ಅಲ್ಲೇ ಉಳಿದವು. ವರ್ಷದ ಕೊನೆಯ ಹೊತ್ತಿಗೆ ಮಗುವಿನ ಓದಿನ ಅಂಕ ಇದ್ದಲ್ಲೇ ಇತ್ತು. ಬದಲಾಗಿದ್ದು ಭಾನುವಾರದ ಫೋನು. ಮೊದಲು ಅರ್ಧ ಗಂಟೆ ಅಜ್ಜಿಗೆ ಸ್ಕೂಲಿನ ವರದಿ ಒಪ್ಪಿಸುತ್ತಿದ್ದ ಮಗು ಈಗ ‘ಚೆನ್ನಾಗಿದೀನಿ ಅಜ್ಜಿ, ಬೈ’ ಅನ್ನೋದಕ್ಕೆ ಬಂದಿತ್ತು. ಅಜ್ಜಿ ಶಿವಮೊಗ್ಗದಲ್ಲಿ ಕೂತು “ಯಾಕಮ್ಮಾ, ಮಗೂಗೆ ನನ್ನ ಮೇಲೆ ಕೋಪವಾ?” ಅಂತ ಸೊಸೆಯನ್ನ ಕೇಳಿದರಂತೆ. ಆವತ್ತೇ ಆ ನಿಯಮ ಮುರಿದುಬಿತ್ತು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಳೆದುಕೊಳ್ಳಬಾರದ್ದು ಏನಾದರೂ ಇದ್ದರೆ ಇದು.

ಹಾಗಾದರೆ ಮನೆಯಲ್ಲಿ ಏನು ಮಾಡೋಣ ಅಂತೀರಾ? ನಮ್ಮ ಮೇಜಿನ ಮೇಲೆ ಚೆನ್ನಾಗಿ ನಡೆದ ಒಂದು ಪಾಠ ಹೇಳ್ತೀನಿ. ಪುಣ್ಯಕೋಟಿಯ ಕಥೆ. ಕರುವಿಗೆ ಹಾಲು ಕೊಟ್ಟು ಬರ್ತೀನಿ ಅಂತ ಹಸು ಹುಲಿಗೆ ಮಾತು ಕೊಟ್ಟು ಹೋಗುತ್ತಲ್ಲ, ಆ ಗೋವಿನ ಹಾಡಿನ ಕಥೆ. ಮೊದಲು ಕನ್ನಡದಲ್ಲಿ ಪೂರ್ತಿ ಹೇಳಿ, ರಾಗವಾಗಿ ಹಾಡಿದರೆ ಇನ್ನೂ ಒಳ್ಳೇದು. ಆಮೇಲೆ ಕನ್ನಡದಲ್ಲೇ ಪ್ರಶ್ನೆ ಕೇಳಿ. ಹುಲಿ ಅವಳನ್ನ ಹೋಗೋಕೆ ಬಿಟ್ಟದ್ದು ಯಾಕೆ? ಅವಳು ವಾಪಸ್ಸು ಬರದಿದ್ದರೆ ಯಾರಿಗಾದರೂ ಗೊತ್ತಾಗ್ತಿತ್ತಾ? ಕೊನೆಗೆ ಹುಲಿ ಅವಳನ್ನ ತಿನ್ನದೆ ತಾನೇ ಯಾಕೆ ಪ್ರಾಣ ಬಿಟ್ಟಿತು? ಸ್ಕೂಲಿನ ವರ್ಕ್‌ಶೀಟಿನಲ್ಲಿ ಸಾಲುಗಳ ನಡುವೆ ಓದಿ ಉತ್ತರಿಸಿ ಅಂತ ಕೇಳೋದು ಇದನ್ನೇ, ಬೇರೇನೂ ಅಲ್ಲ. ಕನ್ನಡದಲ್ಲಿ ‘ಯಾಕೆ’ಗೆ ಉತ್ತರ ಹುಡುಕೋಕೆ ಕಲಿತ ಮಗು ಇಂಗ್ಲಿಷಿನ ‘ವೈ’ಗೂ ಹುಡುಕುತ್ತೆ.

ಆಮೇಲೆ ಅದೇ ಕಥೆಯನ್ನ ಮಗುವಿನ ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳಿಸಿ. ಈಗ ಮಜಾ ನೋಡಿ, ಆ ಕಥೆ ನಿಂತಿರೋದೇ ಕ್ರಿಯಾಪದದ ಕಾಲದ ಮೇಲೆ! ‘ಐ ವಿಲ್ ಕಮ್ ಬ್ಯಾಕ್’ ಅಂದಳು, ಭವಿಷ್ಯ. ‘ಶಿ ಕೇಮ್ ಬ್ಯಾಕ್’, ಭೂತ. ಆ ‘ವಿಲ್’ಗೂ ಈ ‘ಕೇಮ್’ಗೂ ನಡುವೆ ಇರೋದಕ್ಕೇ ಅಲ್ವಾ ನಾವು ಸತ್ಯ ಅನ್ನೋದು? ಈ ಮಾತನ್ನ ಒಂಬತ್ತು ವರ್ಷದ ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಯೋಚಿಸಿ ಕೇಳಿದ, “ಅಂಕಲ್, ಅವಳು ‘ಐ ಕೇಮ್’ ಅಂತ ಮೊದಲೇ ಹೇಳಿದ್ದಿದ್ರೆ ಸುಳ್ಳಾಗ್ತಿತ್ತಾ?” ಇಂಥ ಪ್ರಶ್ನೆ ಕೇಳಿದ ಮಗುವಿಗೆ ಟೆನ್ಸ್ ಬಾರದು ಅಂತ ಯಾರಾದರೂ ಅಂದರೆ ನಾನು ನಂಬೋದಿಲ್ಲ.

ಪುಸ್ತಕ ಬೇಕು ಅನ್ನೋರಿಗೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ ಇದೆ. ಎಷ್ಟೋ ಮಕ್ಕಳ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಕ್ಕಟೆಯಾಗಿ ಸಿಗ್ತವೆ. ಸೋಮವಾರ ಕನ್ನಡದಲ್ಲಿ ಓದಿ, ಮಂಗಳವಾರ ಅದನ್ನೇ ಇಂಗ್ಲಿಷಿನಲ್ಲಿ. ವಾರಕ್ಕೆ ಐದು ಹೊಸ ಪದ ಸಾಕು. ಫ್ರಿಜ್ ಮೇಲೆ ಅಂಟಿಸಿ, ಊಟದ ಹೊತ್ತಿಗೆ ಆ ಪದಗಳನ್ನ ಮಾತಿನಲ್ಲಿ ಬಳಸಿ. ಇಪ್ಪತ್ತು ಪದ ಬಾಯಿಪಾಠ ಮಾಡಿಸಿದರೆ ಶುಕ್ರವಾರದ ಪರೀಕ್ಷೆಗೆ ಇರ್ತವೆ, ಸೋಮವಾರಕ್ಕೆ ಇರೋದಿಲ್ಲ.

ಇನ್ನು ಆ ಫಾರ್ಮು. ಮುಂದಿನ ಸಲ ಕೈಗೆ ಬಂದಾಗ ಮನೆಮಾತು ಅನ್ನೋ ಜಾಗದಲ್ಲಿ ಕನ್ನಡ ಅಂತ ಧೈರ್ಯವಾಗಿ ಬರೀರಿ. ಮಗುವಿಗೆ ಸಹಾಯ ಬೇಕಿದ್ದರೆ ಸಿಗುತ್ತೆ, ಬೇಡದಿದ್ದರೆ ಪರೀಕ್ಷೆಯಲ್ಲೇ ಅದು ಗೊತ್ತಾಗುತ್ತೆ. ಸುಳ್ಳು ಬರೆದರೆ, ಸಹಾಯ ಬೇಕಿದ್ದ ಮಗು ಹಿಂದಿನ ಬೆಂಚಿನಲ್ಲಿ ಏನೂ ಅರ್ಥವಾಗದೆ ತಲೆಯಾಡಿಸುತ್ತಾ ಕೂತಿರುತ್ತೆ, ಆ ಚೀನೀ ಮಕ್ಕಳ ಹಾಗೆ. ಮತ್ತೆ ತನ್ನ ಮನೆಮಾತು ಬಚ್ಚಿಡಬೇಕಾದ ವಸ್ತು ಅಂತ ಮಗು ಕಲಿಯೋದು ಯಾವ ವರ್ಕ್‌ಶೀಟಿನಿಂದಲೂ ಅಲ್ಲ, ನಮ್ಮಿಂದಲೇ.

ಏನಂತೀರಿ? ನಿಮ್ಮ ಮನೆ ಮಕ್ಕಳೂ ‘ತರಿದೆ’, ‘ಐ ಕೇಮ್’ ಅಂತಾರಾ? ಇನ್ನೂ ಬರೆಯೋದಿತ್ತು, ಆದರೆ ಅನ್ನ ಆರ್ತಾ ಇದೆ ಅಂತ ಒಳಗಿಂದ ಮೂರನೇ ಸಲ ಕೂಗಾಯ್ತು.

ಬಂದೆ, ಬಂದೆ!